ಒಂದು ವರ್ಷ ಕುನ್‌ಮಿಂಗಿನಲ್ಲಿ: ನಮ್ಮ ತಾಲ್ಲೂಕುಗಳ ವ್ಯಾಪಾರಕ್ಕೆ ಚೀನಿ ಭಾಷೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯಾಪಾರೋದ್ಯಮಿಗಳಿಗೆ ಚೀನಾ ದೇಶವು ಈಗ ಭೂಪಟದ ಮೇಲಿನ ಹೆಸರು ಮಾತ್ರವಾಗಿ ಉಳಿದಿಲ್ಲ. ಅಕ್ಕಿ ಗಿರಣಿಯಲ್ಲಿ ಬಣ್ಣಗೆಟ್ಟ ಕಾಳನ್ನು ಬೇರ್ಪಡಿಸುವ ಕಲರ್ ಸಾರ್ಟರ್, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಹಾರ್ಡ್‌ವೇರ್ ಅಂಗಡಿಯ ಡ್ರಿಲ್ ಯಂತ್ರ, ಸಣ್ಣ ಘಟಕಗಳ ಸೀಲಿಂಗ್ ಯಂತ್ರ ಮುಂತಾದವುಗಳಲ್ಲಿ ಎಷ್ಟೋ ಅಲ್ಲಿಂದಲೇ ಬಂದವು. ನಾವು ಬೆಳೆಯುವ ಶುಂಠಿಗೆ ವಿದೇಶದ ಮಾರುಕಟ್ಟೆಯಲ್ಲಿ ಎದುರಾಳಿಯಾಗಿ ನಿಲ್ಲುವುದು ಅವರ ಶುಂಠಿ. ಹೊಗೆಸೊಪ್ಪಿನ ವಿಷಯದಲ್ಲಂತೂ ಜಗತ್ತಿನಲ್ಲಿಯೇ ಅತ್ಯಧಿಕವಾಗಿ ಬೆಳೆಯುವವರೂ ಬಳಸುವವರೂ ಅವರೇ. ಹೀಗಿದ್ದರೂ ಆ ದೇಶದವರೊಡನೆ ನಮ್ಮ ಮಾತುಕತೆಯೆಲ್ಲವೂ ಮುಂಬಯಿ, ದೆಹಲಿ, ಬೆಂಗಳೂರುಗಳ ಮಧ್ಯವರ್ತಿಗಳ ಮೂಲಕ, ಇಲ್ಲವೇ ಮೊಬೈಲ್ ಫೋನಿನ ಅನುವಾದದ ಮೂಲಕ ನಡೆಯುತ್ತಿದೆ. ಅವರ ಭಾಷೆಯ ಒಂದು ಸಾಲನ್ನು ಸ್ವತಃ ಓದಬಲ್ಲ ವ್ಯಾಪಾರಿ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ನನಗಂತೂ ಇದುವರೆಗೆ ಸಿಕ್ಕಿಲ್ಲ.

ಇದರಿಂದ ಆಗುವ ನಷ್ಟವು ಎಂಥದೆಂಬುದಕ್ಕೆ ನನ್ನದೇ ಒಂದು ಸಣ್ಣ ಉದಾಹರಣೆಯನ್ನು ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಘಟಕದ ಯಂತ್ರವೊಂದಕ್ಕೆ ಬಿಡಿಭಾಗಗಳನ್ನು ತರಿಸಬೇಕಾಗಿತ್ತು. ಸರಬರಾಜುದಾರನು ದರಪಟ್ಟಿಯೊಂದಿಗೆ ಒಂದು ಸಾಲು ಬರೆದು ಕಳುಹಿಸಿದನು. ಅನುವಾದದಲ್ಲಿ ಅದು ಒಂಬತ್ತೂವರೆಯ ರಿಯಾಯಿತಿ ಎಂಬರ್ಥದಲ್ಲಿ ಬಂತು. ಶೇಕಡಾ ಒಂಬತ್ತೂವರೆ ಕಡಿತ ಸಿಕ್ಕಿತೆಂದು ಸಂತೋಷಪಟ್ಟು, ಅದೇ ಲೆಕ್ಕದಲ್ಲಿ ನಾನು ಇಲ್ಲಿಯ ಗ್ರಾಹಕರಿಗೆ ದರವನ್ನೂ ಹೇಳಿಬಿಟ್ಟೆ. ಬಿಲ್ಲು ಬಂದಾಗ ಕಡಿತವಾಗಿದ್ದುದು ಶೇಕಡಾ 5 ಮಾತ್ರ. ಆತನು ಮೋಸ ಮಾಡಿರಲಿಲ್ಲ. ಚೀನಿಯರು ರಿಯಾಯಿತಿಯನ್ನು 'ಜೆ' ಎಂಬ ಮಾತಿನಿಂದ ಹೇಳುತ್ತಾರೆ. ಅದು ಎಷ್ಟು ಬಿಟ್ಟರು ಎಂಬುದನ್ನಲ್ಲ, ಎಷ್ಟು ಕೊಡಬೇಕು ಎಂಬುದನ್ನು ಸೂಚಿಸುತ್ತದೆ. ಎಂಟು ಜೆ ಎಂದರೆ ಹತ್ತರಲ್ಲಿ ಎಂಟು ಪಾಲು ಕೊಡಬೇಕು, ಅಂದರೆ ಶೇಕಡಾ 20 ಬಿಟ್ಟಂತೆ. ಒಂಬತ್ತೂವರೆ ಜೆ ಎಂದರೆ ಶೇಕಡಾ 5 ಬಿಟ್ಟಂತೆ. ಆ ವ್ಯತ್ಯಾಸವನ್ನು ನನ್ನ ಕೈಯಿಂದ ತುಂಬಿದೆ. ಮೊತ್ತ ದೊಡ್ಡದೇನಲ್ಲ. ಆದರೆ ಆ ದಿನದಿಂದ ಈ ಭಾಷೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟವೊಂದು ನನಗೆ ಅಂಟಿಕೊಂಡಿತು.

ಲೆಕ್ಕದೊಳಗಿನ ಭಾಷೆ

ಚೀನಿ ಭಾಷೆಯೆಂದರೆ ಸಾವಿರಾರು ಚಿತ್ರಾಕ್ಷರಗಳ ಭಾಷೆ, ಅದು ನಮ್ಮಂಥವರಿಗೆ ಸಾಧ್ಯವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಅಕ್ಷರಗಳ ಕಷ್ಟ ನಿಜ. ಆದರೆ ವ್ಯಾಪಾರಿಗೆ ಮೊದಲು ತೊಡಕಾಗುವುದು ಅಕ್ಷರವಲ್ಲ, ಲೆಕ್ಕ.

ಅವರ ಎಣಿಕೆಯಲ್ಲಿ ಹತ್ತು ಸಾವಿರಕ್ಕೆ 'ವಾನ್' ಎಂಬ ಪ್ರತ್ಯೇಕ ಹೆಸರಿದೆ. ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ವಾನ್‌ಗಳಲ್ಲಿಯೇ ನಡೆಯುತ್ತವೆ. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್. ನಮ್ಮ ಒಂದು ಕೋಟಿ ಅವರಿಗೆ ಸಾವಿರ ವಾನ್. ನಮ್ಮ ಹತ್ತು ಕೋಟಿಗೆ ಅವರಲ್ಲಿ 'ಯಿ' ಎಂಬ ಇನ್ನೊಂದು ಹೆಸರು. ಲಕ್ಷ, ಕೋಟಿಗಳಲ್ಲಿ ಯೋಚಿಸುವ ನಾವೂ ವಾನ್, ಯಿಗಳಲ್ಲಿ ಯೋಚಿಸುವ ಅವರೂ ನಡುವೆ ಇಂಗ್ಲಿಷಿನ ಮಿಲಿಯನ್ನುಗಳನ್ನು ತಂದುಕೊಂಡು, ಎರಡೂ ಕಡೆ ಸೊನ್ನೆಗಳನ್ನು ಎಣಿಸುತ್ತ ಕೂರುವುದು ಒಂದು ವಿಚಿತ್ರ.

ತೂಕದ ವಿಷಯ ಇನ್ನೂ ಮುಖ್ಯ. ಕಾಗದಪತ್ರಗಳಲ್ಲಿ ಅವರೂ ಕಿಲೋಗ್ರಾಂ, ಟನ್ನುಗಳನ್ನು ಬಳಸಿದರೂ ಸಂತೆಯಲ್ಲಿಯೂ ಬಾಯಿಮಾತಿನಲ್ಲಿಯೂ ನಡೆಯುವುದು 'ಜಿನ್'. ಒಂದು ಜಿನ್ ಎಂದರೆ ಅರ್ಧ ಕಿಲೋ. ನಮ್ಮ 60 ಕಿಲೋ ಶುಂಠಿಯ ಚೀಲ ಅವರ ಲೆಕ್ಕದಲ್ಲಿ 120 ಜಿನ್. ಶುಂಠಿ ಐದು ಯುವಾನ್ ಎಂದು ಅಲ್ಲಿಯ ವ್ಯಾಪಾರಿ ಹೇಳಿದರೆ ಅದು ಕಿಲೋಗೋ ಜಿನ್‌ಗೋ ಎಂದು ಕೇಳದವನಿಗೆ ದರವೇ ಅರ್ಧವೋ ಇಮ್ಮಡಿಯೋ ಆಗಿಬಿಡುತ್ತದೆ. ಭೂಮಿಯ ಅಳತೆಗೆ 'ಮು' ಎಂಬುದಿದೆ. 15 ಮು ಸೇರಿದರೆ ಒಂದು ಹೆಕ್ಟೇರ್, ನಮ್ಮ ಒಂದು ಎಕರೆ ಸುಮಾರು 6 ಮು. ಮುವಿಗೆ ಇಷ್ಟು ಜಿನ್ ಇಳುವರಿ ಎಂದು ಅವರ ರೈತ ಹೇಳಿದರೆ, ನಮ್ಮ ಎಕರೆಗೆ ಎಷ್ಟು ಕಿಲೋ ಎಂದು ತಿಳಿಯಲು ಸುಮಾರು 3ರಿಂದ ಗುಣಿಸಿದರೆ ಸಾಕು.

ಇನ್ನು ಉಚ್ಚಾರ. ಕೊಳ್ಳುವುದಕ್ಕೆ ಅವರಲ್ಲಿ 'ಮಾಯ್' ಎನ್ನುತ್ತಾರೆ. ಮಾರುವುದಕ್ಕೂ 'ಮಾಯ್' ಎನ್ನುತ್ತಾರೆ. ಧ್ವನಿಯನ್ನು ತಗ್ಗಿಸಿ ಮತ್ತೆ ಏರಿಸಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದು. ಇಂತಹ ನಾಲ್ಕು ಸ್ವರಭಾರಗಳ ಮೇಲೆ ಇಡೀ ಭಾಷೆ ನಿಂತಿದೆ. ಸ್ವರ ತಪ್ಪಿದರೆ ಗಿರಾಕಿಯೇ ಸಾಹುಕಾರನಾಗುತ್ತಾನೆ!

ಕರಾರುಪತ್ರದ ಬಗ್ಗೆ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಚೀನಾದ ಕಂಪನಿಯೊಂದಕ್ಕೆ ಕಾನೂನುಸಮ್ಮತವಾದ ಹೆಸರು ಚೀನಿ ಅಕ್ಷರಗಳಲ್ಲಿ ಇರುವುದು ಮಾತ್ರ. ವಿಸಿಟಿಂಗ್ ಕಾರ್ಡಿನ ಮೇಲಿನ ಇಂಗ್ಲಿಷ್ ಹೆಸರು ಅವರವರು ಅನುಕೂಲಕ್ಕೆ ಇಟ್ಟುಕೊಂಡದ್ದು. ಪರವಾನಗಿಯ ಮೇಲೆ ಚೀನಿ ಹೆಸರಿನೊಂದಿಗೆ 18 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆಯಿರುತ್ತದೆ. ಕರಾರಿನಲ್ಲಿ ಇರಬೇಕಾದವು ಅವೆರಡು. ಸಹಿಗಿಂತ ಹೆಚ್ಚಿನ ಬೆಲೆ ಸಂಸ್ಥೆಯ ದುಂಡನೆಯ ಕೆಂಪು ಮೊಹರಿಗೆ. ಮೊಹರಿನಲ್ಲಿರುವ ಹೆಸರು, ಪರವಾನಗಿಯಲ್ಲಿರುವ ಹೆಸರು, ಹಣ ಕಳುಹಿಸಬೇಕಾದ ಬ್ಯಾಂಕ್ ಖಾತೆಯ ಹೆಸರು ಈ ಮೂರೂ ಒಂದೇ ಆಗಿವೆಯೇ ಎಂಬುದನ್ನು ನೋಡಲು ಇಪ್ಪತ್ತು ಅಕ್ಷರ ಬಲ್ಲವನಾದರೂ ನಮ್ಮ ಕಡೆ ಬೇಕು. ಇಂದು ಅದನ್ನು ನಾವು ಎದುರುಪಕ್ಷದವರ ದುಭಾಷಿಯನ್ನೇ ಕೇಳಿ ತಿಳಿಯುತ್ತಿದ್ದೇವೆ.

ಹೊಗೆಸೊಪ್ಪು, ಶುಂಠಿ ಮತ್ತು ಯುನ್ನಾನ್

ಇಷ್ಟೇ ಆದರೆ ಬೆಂಗಳೂರಿನ ಒಬ್ಬ ದುಭಾಷಿಯನ್ನು ಇಟ್ಟುಕೊಂಡರೂ ನಡೆದೀತು. ನಮ್ಮ ತಾಲ್ಲೂಕುಗಳ ಹುಡುಗನೋ ಹುಡುಗಿಯೋ ಅಲ್ಲಿಗೇ ಹೋಗಿ ಕಲಿಯಬೇಕೆಂದು ನಾನು ಹೇಳುವುದಕ್ಕೆ ಬೇರೆ ಕಾರಣವಿದೆ.

1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾದಂದಿನಿಂದ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಪೇಟೆಯ ವರ್ಷವು ಹರಾಜು ಕಟ್ಟೆಯ ಸುತ್ತಲೇ ತಿರುಗುತ್ತಿದೆ. ಬೇಲುಗಳಿಗೆ ಒಳ್ಳೆಯ ದರ ಸಿಕ್ಕಿದ ವರ್ಷ ಬಟ್ಟೆ ಅಂಗಡಿ, ಚಿನ್ನದಂಗಡಿ, ಸಿಮೆಂಟ್ ಅಂಗಡಿಗಳೆಲ್ಲ ತುಂಬುತ್ತವೆ; ಸಿಗದ ವರ್ಷ ಉದ್ರಿ ಪುಸ್ತಕ ತುಂಬುತ್ತದೆ. ರಾಜ್ಯಕ್ಕೆ ಮಂಡಳಿಯು ನಿಗದಿಪಡಿಸುವ ಬೆಳೆಯ ಪ್ರಮಾಣವು ಈಚಿನ ವರ್ಷಗಳಲ್ಲಿ 10 ಕೋಟಿ ಕಿಲೋ ಆಸುಪಾಸಿನಲ್ಲಿದೆ. ಅವರ ಭಾಷೆಯಲ್ಲಿ ಒಂದು ಯಿ ಕಿಲೋ! ಇದರ ಬಹುಭಾಗದ ಭವಿಷ್ಯವು ರಫ್ತನ್ನು ಅವಲಂಬಿಸಿದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2004ರಲ್ಲಿಯೂ ಚೀನಾ 2005ರಲ್ಲಿಯೂ ಅಂಗೀಕರಿಸಿದವು. ಆದ್ದರಿಂದ ಈ ಬೆಳೆಯು ಮುಂದಿನ ತಲೆಮಾರಿಗೂ ಹೀಗೆಯೇ ಇರುತ್ತದೆಂದು ಯಾರೂ ಭರವಸೆ ಕೊಡಲಾರರು. ಇರುವಷ್ಟು ದಿನ ಕೊಳ್ಳುವವರು ಹೆಚ್ಚು ಮಂದಿಯಿರಬೇಕು. ಹೋಗುವ ದಿನಕ್ಕೆ ಬೇರೆ ಕಸುಬು ಸಿದ್ಧವಿರಬೇಕು. ಎರಡಕ್ಕೂ ಚೀನಾವನ್ನು ಅರಿಯುವುದು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

2019ರ ಜನವರಿಯಲ್ಲಿ ಭಾರತದ ತಂಬಾಕು ಎಲೆಯನ್ನು ಚೀನಾಕ್ಕೆ ಕಳುಹಿಸಲು ಬೇಕಾದ ಸಸ್ಯ ಆರೋಗ್ಯ ನಿಯಮಗಳ ಒಪ್ಪಂದಕ್ಕೆ ಬೀಜಿಂಗಿನಲ್ಲಿ ಸಹಿಯಾಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಾಲು ಹೋಗುವುದಿಲ್ಲ. ಚೀನಾದಲ್ಲಿ ತಂಬಾಕು ಸಂಪೂರ್ಣವಾಗಿ ಸರ್ಕಾರದ ಏಕಸ್ವಾಮ್ಯ. ಅಲ್ಲಿ ಹರಾಜಿಲ್ಲ, ರೈತನು ಕರಾರಿನಂತೆ ಬೆಳೆದು ಖರೀದಿ ಕೇಂದ್ರಕ್ಕೆ ತರುತ್ತಾನೆ, ಶ್ರೇಣಿಗೆ ತಕ್ಕ ನಿಗದಿತ ಬೆಲೆ ಸಿಗುತ್ತದೆ. ಹದಗೊಳಿಸಿದ ವರ್ಜೀನಿಯಾ ಎಲೆಗೆ ಅವರ ರಾಷ್ಟ್ರೀಯ ಮಾನದಂಡದಲ್ಲಿ 42 ಶ್ರೇಣಿಗಳಿವೆ. ಸಿ-3-ಎಫ್ ಎಂದು ಬರೆದಿದ್ದರೆ ಗಿಡದ ನಡುಭಾಗದ ಎಲೆ, ಮೂರನೆಯ ಗುಣಮಟ್ಟ, ಕಿತ್ತಳೆ ಬಣ್ಣ ಎಂದರ್ಥ. ಬ್ಯಾರನ್ನಿನ ಮುಂದೆ ಕುಳಿತು ಎಲೆ ವಿಂಗಡಿಸುತ್ತ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ತಿಳಿಸಿಕೊಡಲು ಅರ್ಧ ಗಂಟೆ ಸಾಕು. ಸಾಹಿತ್ಯ ಓದಿ ಚೀನಿ ಪಂಡಿತನಾದ ದೆಹಲಿಯ ಪದವೀಧರನಿಗೆ ಒಂದು ತಿಂಗಳು ಬೇಕಾದೀತು.

ಚೀನಾದಲ್ಲಿ ಅತಿ ಹೆಚ್ಚು ಹೊಗೆಸೊಪ್ಪು ಬೆಳೆಯುವ ಪ್ರಾಂತ್ಯ ಯುನ್ನಾನ್. ಇದು ನೈಋತ್ಯ ಭಾಗದಲ್ಲಿ, ಬರ್ಮಾ ಗಡಿಗೆ ಹೊಂದಿಕೊಂಡಿದೆ. ಅದರ ರಾಜಧಾನಿ ಕುನ್‌ಮಿಂಗ್, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವ ತಂಪಾದ ಊರು. ಅಲ್ಲಿಯವರು ಅದನ್ನು ವಸಂತದ ನಗರವೆಂದು ಕರೆಯುತ್ತಾರೆ. ಸಮೀಪದ ಯುಶಿ ನಗರವು ಸಿಗರೇಟು ಕಾರ್ಖಾನೆಗೆ ಹೆಸರಾದದ್ದು. ಅದೇ ಪ್ರಾಂತ್ಯದ ಲುವೊಪಿಂಗ್ ಎಂಬಲ್ಲಿ ಹಳದಿ ಬಣ್ಣದ ಸಣ್ಣ ಶುಂಠಿ ಪ್ರಸಿದ್ಧ. ಚೀನಾದ ಕಾಫಿಯೂ ಬಹುತೇಕ ಇಲ್ಲಿಯದೇ. ಹೊಗೆಸೊಪ್ಪು, ಶುಂಠಿ, ಪಕ್ಕದಲ್ಲಿ ಕಾಫಿ: ಇದು ಹುಣಸೂರಿನಿಂದ ಕೊಡಗಿನ ಕಡೆಗೆ ಹೊರಟವನ ಕಣ್ಣಿಗೆ ಬೀಳುವ ನೋಟವೇ ಅಲ್ಲವೇ?

ವಿದೇಶದಲ್ಲಿ ಚೀನಿ ಕಲಿಯಲು ಬಯಸುವವರು ಸಾಮಾನ್ಯವಾಗಿ ಬೀಜಿಂಗ್ ಅಥವಾ ಶಾಂಘೈ ಕಡೆಗೆ ನೋಡುತ್ತಾರೆ. 1962ರಲ್ಲಿ ಸ್ಥಾಪನೆಯಾದ ಬೀಜಿಂಗ್ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯವು ವಿದೇಶೀಯರಿಗೆ ಚೀನಿ ಕಲಿಸುವುದಕ್ಕೆಂದೇ ಹುಟ್ಟಿದ್ದು, ಅದರ ಪಠ್ಯಪುಸ್ತಕಗಳು ಎಲ್ಲೆಡೆ ಬಳಕೆಯಲ್ಲಿವೆ. ಉಚ್ಚಾರಶುದ್ಧಿಗೆ ಅಲ್ಲಿಯೇ ಮೇಲು, ಒಪ್ಪುತ್ತೇನೆ. ಯುನ್ನಾನಿನ ಆಡುಮಾತು ಬೀಜಿಂಗಿನ ಮಾತಿಗಿಂತ ಬೇರೆ, ಹುಬ್ಬಳ್ಳಿಯ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರದಂತೆ. ಆದರೆ ವಿಶ್ವವಿದ್ಯಾಲಯಗಳ ತರಗತಿಯಲ್ಲಿ ಕಲಿಸುವುದು ಎಲ್ಲೆಡೆಯೂ ಪ್ರಮಾಣಭಾಷೆಯನ್ನೇ. ತರಗತಿ ಮುಗಿದ ಮೇಲೆ ಸಂಜೆ ಎಲ್ಲಿ ಅಡ್ಡಾಡುತ್ತಾನೆ ಎಂಬುದು ಮುಖ್ಯ. ಬೀಜಿಂಗಿನಲ್ಲಿ ಅರಮನೆ ನೋಡುತ್ತಾನೆ. ಕುನ್‌ಮಿಂಗಿನಲ್ಲಿಯಾದರೆ ಶುಂಠಿ ಮಂಡಿ ನೋಡುತ್ತಾನೆ.

ಕನ್ನಡಿಗನ ನಾಲಗೆಗೊಂದು ಅನುಕೂಲ

ರೋಮನ್ ಅಕ್ಷರಗಳಲ್ಲಿ ಚೀನಿಯನ್ನು ಬರೆಯುವ 'ಪಿನ್‌ಯಿನ್' ಎಂಬ ಪದ್ಧತಿಯಿದೆ. ಇಂಗ್ಲಿಷಿನ ಮೂಲಕ ಅದನ್ನು ಓದುವವರು ಮೊದಲ ದಿನವೇ ದಾರಿ ತಪ್ಪುತ್ತಾರೆ. ಏಕೆಂದರೆ ಅಲ್ಲಿ 'ಬಿ' ಅಕ್ಷರಕ್ಕಿರುವುದು ನಮ್ಮ ಪಕಾರದ ಧ್ವನಿ, 'ಪಿ' ಅಕ್ಷರಕ್ಕಿರುವುದು ಉಸಿರು ಸೇರಿದ ಮಹಾಪ್ರಾಣದ ಧ್ವನಿ. ಹಾಗೆಯೇ 'ಡಿ' ಎಂಬಲ್ಲಿ ತಕಾರ, 'ಟಿ' ಎಂಬಲ್ಲಿ ಥಕಾರ. 'ಜಿ' ಎಂಬಲ್ಲಿ ಕಕಾರ, 'ಕೆ' ಎಂಬಲ್ಲಿ ಖಕಾರ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಒಂದನೆಯ ತರಗತಿಯ ಕಾಗುಣಿತದಲ್ಲಿಯೇ ಕಲಿತ ನಮಗೆ ಇದು ಹೊಸದಲ್ಲ. ಬೀಜಿಂಗ್ ಎಂಬುದನ್ನು ಅವರಂತೆ ಹೇಳಬೇಕಾದರೆ 'ಪೈಚಿಂಗ್' ಎಂದರೆ ಹೆಚ್ಚು ಹತ್ತಿರ. ಮೇಲೆ ನಾನು 'ಜಿನ್' ಎಂದು ಬರೆದದ್ದೂ ರೂಢಿಗಾಗಿ; ಕಿವಿಗೆ ಅದು 'ಚಿನ್' ಎಂದೇ ಕೇಳುತ್ತದೆ. (ನಮ್ಮ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣಗಳನ್ನೆಲ್ಲ ಬಿಟ್ಟು 'ದನ' 'ಧನ' ಎರಡನ್ನೂ ಒಂದೇ ಮಾಡಿಕೊಂಡಿದ್ದೇವೆಂಬುದು ಬೇರೆ ಮಾತು. ಚೀನಿ ಕಲಿಯುವ ನೆಪದಲ್ಲಾದರೂ ಅವು ನಾಲಗೆಗೆ ಮರಳಿ ಬರಲಿ.)

ವ್ಯಾಕರಣವೂ ಭಯಪಡುವಂಥದಲ್ಲ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಬದಲಾವಣೆಯಿಲ್ಲ. 'ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ' ಎಂಬುದಕ್ಕೆಲ್ಲ ಒಂದೇ ಮಾತು. ಉಳಿಯುವ ಶ್ರಮವೆಲ್ಲ ಸ್ವರಭಾರ ಮತ್ತು ಅಕ್ಷರಗಳದ್ದು. ಅದನ್ನು ಮಾತ್ರ ಪ್ರತಿದಿನವೂ ಬರೆದು ಉರುಹೊಡೆಯಬೇಕು, ಬೇರೆ ದಾರಿಯಿಲ್ಲ.

ಫೋನಿನ ಅನುವಾದವೇ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅನುವಾದದ ಯಂತ್ರಗಳು ಬಹಳ ಸುಧಾರಿಸಿವೆ, ನಾನೂ ಬಳಸುತ್ತೇನೆ. ಆದರೆ ಮಾತಿನ ಅರ್ಥ ಬೇರೆ, ಮಾತನಾಡಿದವನ ಮನಸ್ಸು ಬೇರೆ. ನಮ್ಮಲ್ಲಿ 'ನೋಡೋಣ ಬನ್ನಿ' ಎಂದರೆ ಕೆಲಸವಾಗುವುದಿಲ್ಲವೆಂದು ತಿಳಿಯಲು ಯಾರೂ ನಿಘಂಟು ತೆಗೆಯುವುದಿಲ್ಲ. ಅಲ್ಲಿಯ ಅಧಿಕಾರಿಗಳು 'ಯೆನ್‌ಜಿಯು, ಯೆನ್‌ಜಿಯು' ಎನ್ನುತ್ತಾರೆ. ಪರಿಶೀಲಿಸೋಣ, ಪರಿಶೀಲಿಸೋಣ ಎಂದರ್ಥ. ಅದೇ ಧ್ವನಿಗಳನ್ನು ಬೇರೆ ಸ್ವರಭಾರದಲ್ಲಿ ಹೇಳಿದರೆ 'ಸಿಗರೇಟು ಮತ್ತು ಮದ್ಯ' ಎಂದಾಗುತ್ತದೆ. ಪರಿಶೀಲನೆ ಬೇಗ ಮುಗಿಯಲು ಏನು ಬೇಕೆಂಬ ಈ ಶ್ಲೇಷೆಯನ್ನು ಚೀನಿಯರೇ ಹೇಳಿಕೊಂಡು ನಗುತ್ತಾರೆ. ಅತಿಥಿಗೆ ಸಿಗರೇಟು ನೀಡುವುದು ಅಲ್ಲಿ ಅನೇಕ ಕಡೆ ನಾವು ಎಲೆ ಅಡಿಕೆ ನೀಡಿದಂತೆ. ಅದು ನಮ್ಮ ಎಲೆಯ ವ್ಯಾಪಾರಕ್ಕೆ ಒಳ್ಳೆಯ ಸುದ್ದಿ, ಅವರ ಶ್ವಾಸಕೋಶಕ್ಕೆ ಅಲ್ಲ.

ಹಿಂದೆ ಹೋದವರು, ಬಂದವರು

ಭಾಷೆ ಕಲಿಯಲು ಗಡಿ ದಾಟುವುದು ಈ ಎರಡು ದೇಶಗಳ ನಡುವೆ ಹೊಸ ಸಂಗತಿಯಲ್ಲ. ಹಿಂದೆ ಬಂದವರು ಅವರು, ಅಷ್ಟೆ. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ನಳಂದದಲ್ಲಿ ವರ್ಷಗಟ್ಟಲೆ ಸಂಸ್ಕೃತವನ್ನೂ ಶಾಸ್ತ್ರಗಳನ್ನೂ ಓದಿ, ದಕ್ಷಿಣಕ್ಕೆ ಬಂದು ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, 645ರಲ್ಲಿ 657 ಗ್ರಂಥಗಳೊಡನೆ ಸ್ವದೇಶಕ್ಕೆ ಹಿಂದಿರುಗಿದನು. ಉಳಿದ ಆಯುಷ್ಯವನ್ನು ಅನುವಾದಕ್ಕೆ ಕೊಟ್ಟನು. ಕಲಿತು ಹಿಂದಿರುಗಿದವನು ಊರಿಗೆ ಏನು ಮಾಡಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಬೇಡ. ಮೈಸೂರು ಸೀಮೆಯ ಶ್ರೀಗಂಧವೂ ಹಡಗೇರಿ ಆ ದೇಶಕ್ಕೆ ಹೋಗುತ್ತಿತ್ತು. ಬೌದ್ಧ ಗ್ರಂಥಗಳೊಡನೆ ನಮ್ಮ 'ಚಂದನ' ಎಂಬ ಮಾತೇ 'ಜಾನ್‌ತಾನ್' ಎಂಬ ರೂಪದಲ್ಲಿ ಅವರ ಭಾಷೆಗೆ ಸೇರಿತು. ಅದಕ್ಕೆ ಬದಲಾಗಿ ಅವರ 'ಚಾ' ನಮ್ಮಲ್ಲಿ ಚಹಾ ಆಗಿ ಉಳಿದಿದೆ.

ನಮ್ಮ ಕಡೆಯಿಂದ ಹೋದವರಲ್ಲಿ ಚೀನಿಯರು ಇಂದಿಗೂ ನೆನೆಯುವ ಹೆಸರು ಡಾ. ದ್ವಾರಕಾನಾಥ ಕೋಟ್ನಿಸ್ ಅವರದು. ಕನ್ನಡವೂ ಕೇಳಿಬರುವ ಗಡಿನಾಡು ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು. 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಹೋಗಿ, ಯುದ್ಧಭೂಮಿಯ ಆಸ್ಪತ್ರೆಗಳಲ್ಲಿ ದುಡಿದು, ಚೀನಿ ಕಲಿತು, ಅದೇ ಭಾಷೆಯಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಈಚಿನ ಕಾಲದಲ್ಲಿ ಹೋದವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳೇ. 2020ರಲ್ಲಿ ಕೋವಿಡ್ ಬಂದಾಗ ಚೀನಾದ ವಿಶ್ವವಿದ್ಯಾಲಯಗಳಲ್ಲಿ ಸುಮಾರು 23,000 ಭಾರತೀಯ ವಿದ್ಯಾರ್ಥಿಗಳು ದಾಖಲಾಗಿದ್ದರು. ರಜೆಗೆಂದು ಊರಿಗೆ ಬಂದವರು ಹಿಂದಿರುಗಲಾರದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮೊಬೈಲಿನಲ್ಲಿಯೇ ಪಾಠ ಕೇಳಿದರು. 2022ರ ಆಗಸ್ಟಿನಲ್ಲಿ ಮಾತ್ರ ಮತ್ತೆ ವೀಸಾ ಕೊಡಲಾರಂಭಿಸಿದರು. ಮಕ್ಕಳನ್ನು ಕಳುಹಿಸುವ ತಂದೆತಾಯಿಯರು ಈ ಸಂಗತಿಯನ್ನು ಮರೆಯಬಾರದು. ಎರಡು ಸರ್ಕಾರಗಳ ನಡುವೆ ಮನಸ್ತಾಪ ಬಂದರೆ ಮೊದಲು ಮುಚ್ಚುವುದು ವಿದ್ಯಾರ್ಥಿಯ ಬಾಗಿಲು. ಐದು ವರ್ಷದ ಪದವಿಗಿಂತ ಒಂದು ವರ್ಷದ ಭಾಷಾ ತರಗತಿಯೇ ಸಾಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಬೈಲುಕುಪ್ಪೆಯವರ ಮುಂದೆ ಈ ಮಾತು

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ನಿಂತು ಚೀನಾದ ಬಗ್ಗೆ ಮಾತನಾಡುವವರು ಬೈಲುಕುಪ್ಪೆಯನ್ನು ಬಿಟ್ಟು ಮಾತನಾಡುವುದು ಸರಿಯಲ್ಲ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ ಟಿಬೆಟನ್ನರು ನೆಲೆಯೂರಿದರು. 1969ರಲ್ಲಿ ಅಲ್ಲಿಯೇ ಎರಡನೆಯ ಶಿಬಿರವಾಯಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಸೆರಾ, ನಾಮ್‌ಡ್ರೋಲಿಂಗ್ ಮಠಗಳಲ್ಲಿ ಓದಲು ಹಿಮಾಲಯದ ಕಡೆಯಿಂದಲೂ ಹೊರದೇಶಗಳಿಂದಲೂ ಜನ ಬರುತ್ತಾರೆ. ನಮ್ಮ ಪೇಟೆಗಳಿಗೆ ಅವರು ಗಿರಾಕಿಗಳೂ ಹೌದು, ಮೆಕ್ಕೆಜೋಳ ಬೆಳೆದು ಮಾರುವವರೂ ಹೌದು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಒಯ್ದು ಮಾರುವ ವ್ಯಾಪಾರಿಗಳೂ ಹೌದು. ಮಾಲಿಗೆ ಮುಂಗಡವಿಲ್ಲದೆ, ಮಾತಿನ ಮೇಲೆ ಅವರೊಡನೆ ವ್ಯವಹಾರ ಮಾಡಿದ ಹಿರಿಯ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ.

ಅವರು ಮನೆ ಬಿಟ್ಟು ಬಂದದ್ದು ಚೀನಾದ ಆಳ್ವಿಕೆಯ ಕಾರಣದಿಂದ. 1980ರ ನಂತರ ಬಂದವರಲ್ಲಿ ಅಲ್ಲಿಯ ಶಾಲೆಗಳಲ್ಲಿ ಚೀನಿ ಓದಿದವರೂ ಇದ್ದಾರೆ. ಹಾಗಾದರೆ ಚೀನಿ ಕಲಿಯಲು ಕುನ್‌ಮಿಂಗಿಗೆ ಏಕೆ ಹೋಗಬೇಕು, ಕುಶಾಲನಗರದ ಬಸ್ಸು ಹತ್ತಿ ಬೈಲುಕುಪ್ಪೆಯಲ್ಲಿ ಇಳಿದರೆ ಸಾಲದೇ ಎಂದು ನನ್ನ ಮಿತ್ರರೊಬ್ಬರು ತಮಾಷೆಗೆ ಕೇಳಿದರು. ಆರಂಭದ ಪಾಠಗಳಿಗೆ ಅದು ಸಾಧ್ಯವೂ ಹೌದು. ಆದರೆ ಯಾರಿಗೆ ಯಾವ ಭಾಷೆ ಬಲವಂತದಿಂದ ಬಂತೋ ಅವರನ್ನು ಅದನ್ನು ಕಲಿಸಿಕೊಡಿ ಎಂದು ಕೇಳುವ ಮೊದಲು ಸ್ವಲ್ಪ ಯೋಚಿಸಬೇಕು. ಒಪ್ಪಿ ಕಲಿಸುವವರಿದ್ದರೆ ತಕ್ಕ ಸಂಭಾವನೆ ಕೊಟ್ಟು ಕಲಿಯೋಣ. ನಮ್ಮ ನಡುವೆ ಆರು ದಶಕಗಳಿಂದ ಕನ್ನಡ ಕಲಿತು ಬಾಳುತ್ತಿರುವವರಿಂದ ಇನ್ನೊಂದು ಸಂಗತಿಯನ್ನು ಮಾತ್ರ ಕೇಳಿಯೇ ಕಲಿಯಬಹುದು: ಮಠದ ಹುಡುಗನೊಬ್ಬ ಹದಿನೈದು ಇಪ್ಪತ್ತು ವರ್ಷ ಪಟ್ಟು ಹಿಡಿದು ಓದುವ ಕ್ರಮ.

ಹೋಗುವ ದಾರಿ

ಚೀನಿ ಭಾಷಾಜ್ಞಾನವನ್ನು ಅಳೆಯಲು 'ಎಚ್‌ಎಸ್‌ಕೆ' ಎಂಬ ಪರೀಕ್ಷೆಯಿದೆ. 2010ರ ಕ್ರಮದಲ್ಲಿ ಅದಕ್ಕೆ ಆರು ಹಂತಗಳಿದ್ದವು: ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300, ಮೂರನೆಯದಕ್ಕೆ 600, ನಾಲ್ಕನೆಯದಕ್ಕೆ 1,200, ಐದನೆಯದಕ್ಕೆ 2,500, ಆರನೆಯದಕ್ಕೆ 5,000. 2021ರಲ್ಲಿ ಪ್ರಕಟವಾದ ಹೊಸ ಮಾನದಂಡದಲ್ಲಿ ಹಂತಗಳು ಒಂಬತ್ತಾಗಿವೆ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ದರಪಟ್ಟಿ ಓದಿ, ಮಂಡಿಯಲ್ಲಿ ಮಾತನಾಡಿ ಬರಲು ನಾಲ್ಕನೆಯ ಹಂತ ಸಾಕು. ಕರಾರುಪತ್ರಕ್ಕೆ ಐದನೆಯದು ಬೇಕು. ಇಲ್ಲಿಯೇ ಎರಡನೆಯ ಹಂತ ಮುಗಿಸಿ ಹೋದವನಿಗೆ ಅಲ್ಲಿಯ ಒಂದು ವರ್ಷ ಸಾರ್ಥಕವಾಗುತ್ತದೆ. ಏನೂ ತಿಳಿಯದೆ ಹೋದವನಿಗೆ ಮೊದಲ ಆರು ತಿಂಗಳು ಊಟ ಕೇಳುವುದರಲ್ಲಿಯೇ ಕಳೆಯುತ್ತವೆ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ. 'ವೊ ಛ್ರ್ ಸು' ಎಂದರೆ ನಾನು ಸಸ್ಯಾಹಾರಿ ಎಂದರ್ಥ. ಇದನ್ನು ಹೇಳಿದರೂ ಸಾರಿನಲ್ಲಿ ಮಾಂಸದ ರಸವಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಬೌದ್ಧ ದೇವಾಲಯಗಳ ಬಳಿ ಶುದ್ಧ ಸಸ್ಯಾಹಾರದ ಊಟದ ಮನೆಗಳಿರುತ್ತವೆ. ಯುನ್ನಾನಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ. ರಾಗಿ ಮುದ್ದೆಯ ಯೋಚನೆಯನ್ನು ಒಂದು ವರ್ಷ ಬಿಡಬೇಕು.

ಭಾರತದಲ್ಲಿ ಅಡಿಪಾಯ ಹಾಕಿಕೊಳ್ಳಲು ಹಳೆಯ ಸಂಸ್ಥೆಯೆಂದರೆ 1937ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಚೀನಾ ಭವನ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪದವಿಯ ಮಟ್ಟದಿಂದಲೇ ಚೀನಿ ಕಲಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಗಳಿಗೆ ಉದಾಹರಿಸಿದ ವಿದೇಶಿ ಭಾಷೆಗಳಲ್ಲಿ ಕೊರಿಯನ್, ಜಪಾನೀಸ್, ಥಾಯ್ ಎಲ್ಲವೂ ಇವೆ, ಕರಡಿನಲ್ಲಿದ್ದ ಚೀನಿಯನ್ನು ಮಾತ್ರ ಬಿಡಲಾಯಿತು. ಆದ್ದರಿಂದ ನಮ್ಮ ಕಾಲೇಜುಗಳಲ್ಲಿ ಇದು ತಾನಾಗಿ ಬರುತ್ತದೆಂದು ಕಾಯುವುದು ವ್ಯರ್ಥ.

ಆರು ತಿಂಗಳಿಗಿಂತ ಹೆಚ್ಚಿನ ಅಧ್ಯಯನಕ್ಕೆ 'ಎಕ್ಸ್-1' ಎಂಬ ವಿದ್ಯಾರ್ಥಿ ವೀಸಾ ಬೇಕು. ಅಲ್ಲಿಗೆ ತಲುಪಿದ 30 ದಿನಗಳೊಳಗೆ ವಾಸದ ಅನುಮತಿಗೆ ಅರ್ಜಿ ಹಾಕಬೇಕು. ಅಲ್ಪಾವಧಿಗೆ 'ಎಕ್ಸ್-2'. ಚೀನಾ ಸರ್ಕಾರದ ವಿದ್ಯಾರ್ಥಿವೇತನಗಳಲ್ಲಿ ಭಾಷಾ ಕಲಿಕೆಗೂ ಅವಕಾಶವುಂಟು. ಐದು ವರ್ಷ ನಿಂತಿದ್ದ ನೇರ ವಿಮಾನ ಸಂಚಾರವು 2025ರ ಅಕ್ಟೋಬರ್ 26ರಂದು ಕೋಲ್ಕತ್ತ-ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಆರಂಭವಾಯಿತು. ಅಲ್ಲಿಯ ವ್ಯಾಪಾರಿಗಳೆಲ್ಲ ಬಳಸುವ ವೀಚಾಟ್ ಸಾಧನವನ್ನು ನಮ್ಮ ಸರ್ಕಾರವು 2020ರ ಜೂನಿನಲ್ಲಿ ನಿಷೇಧಿಸಿತೆಂಬುದನ್ನೂ, ಗಡಿರಾಷ್ಟ್ರಗಳ ಬಂಡವಾಳಕ್ಕೆ ಪೂರ್ವಾನುಮತಿಯ ನಿಯಮವನ್ನು ಅದೇ ವರ್ಷದ ಏಪ್ರಿಲಿನಲ್ಲಿ ತಂದಿತೆಂಬುದನ್ನೂ ಗಮನದಲ್ಲಿಡಬೇಕು. ಪಾಲುದಾರಿಕೆಯ ಮಾತಿಗೆ ಮುನ್ನ ಲೆಕ್ಕ ಪರಿಶೋಧಕರನ್ನು ಕೇಳುವುದು ಕ್ಷೇಮ.

ಇಷ್ಟೆಲ್ಲ ತೊಡಕು ಬೇಡವೆನ್ನುವವರಿಗೆ ತೈವಾನ್ ಇದೆ. ತೈಪೆಯ ರಾಷ್ಟ್ರೀಯ ಶಿಕ್ಷಕರ ವಿಶ್ವವಿದ್ಯಾಲಯದ ಚೀನಿ ಭಾಷಾ ಕೇಂದ್ರವು 1956ರಿಂದ ವಿದೇಶೀಯರಿಗೆ ಕಲಿಸುತ್ತಿದೆ. ಅಲ್ಲಿಯ ಸರ್ಕಾರದ ವಿದ್ಯಾರ್ಥಿವೇತನವೂ ಉಂಟು. ಮಾತು ಒಂದೇ, ಅಕ್ಷರ ಮಾತ್ರ ಹಳೆಯ ಪೂರ್ಣರೂಪದ್ದು. ದೇವನಹಳ್ಳಿಯ ಕಡೆಗೆ ಬಂದಿರುವ ಫಾಕ್ಸ್‌ಕಾನ್ ತೈವಾನಿನ ಕಂಪನಿ. ಕೆಲಸ ಹುಡುಕುವ ಮಕ್ಕಳಿಗೆ ತೈಪೆಯೇ ಹತ್ತಿರವಾದೀತು. ಎಲೆ ಮತ್ತು ಶುಂಠಿಯ ವ್ಯಾಪಾರಕ್ಕೆ ಮಾತ್ರ ನಾನು ಯುನ್ನಾನನ್ನೇ ಹೇಳುತ್ತೇನೆ.

ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಸಲಹೆ ಇಷ್ಟು. ನಾಲ್ಕು ತಾಲ್ಲೂಕುಗಳ ಸದಸ್ಯರು ಸೇರಿ ವರ್ಷಕ್ಕೆ ಒಬ್ಬರನ್ನು ಕಳುಹಿಸೋಣ. ಪ್ರಯಾಣದ ವೆಚ್ಚ ಮನೆಯವರದು, ಶುಲ್ಕ ಮತ್ತು ವಸತಿ ಸದಸ್ಯರ ನಿಧಿಯಿಂದ. ಹೊಗೆಸೊಪ್ಪು ಅಥವಾ ಶುಂಠಿ ಬೆಳೆಯುವ ಮನೆಯವರಿಗೆ, ಅದರಲ್ಲಿಯೂ ವಾಣಿಜ್ಯ ಪದವಿ ಮುಗಿಸಿ ಮನೆಯಲ್ಲಿ ಕುಳಿತಿರುವ ಹೆಣ್ಣುಮಕ್ಕಳಿಗೆ, ಮೊದಲ ಆದ್ಯತೆಯಿರಲಿ. ಎರಡನೆಯ ಹಂತದ ಪರೀಕ್ಷೆ ಮುಗಿಸದವರನ್ನು ಕಳುಹಿಸುವುದು ಬೇಡ. ಹಿಂದಿರುಗಿದ ಮೇಲೆ ಎರಡು ವರ್ಷ ಸದಸ್ಯರ ಕಾಗದಪತ್ರಗಳನ್ನು ನಿಗದಿತ ಶುಲ್ಕಕ್ಕೆ ಓದಿಕೊಡಬೇಕು. ಇದಕ್ಕೆ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದು ಕೆಲವರು ಹೇಳುತ್ತಾರೆ. ಬೆಂಗಳೂರಿನ ಕಂಪನಿ ಮೂರು ಪಟ್ಟು ಸಂಬಳ ಕೊಟ್ಟರೆ ಯಾವ ಮುಚ್ಚಳಿಕೆಯೂ ನಿಲ್ಲದೆಂದು ನನ್ನ ಅನುಭವ. ಅದರ ಬದಲು ಪ್ರತಿ ಕರಾರಿಗೂ ತಕ್ಕ ಸಂಭಾವನೆಯನ್ನೇ ನಿಗದಿ ಮಾಡೋಣ. ಸೆಪ್ಟೆಂಬರಿನ ತರಗತಿಗೆ ಸೇರಬೇಕಾದರೆ ಅರ್ಜಿಗಳು ಆ ವರ್ಷದ ಆರಂಭದ ತಿಂಗಳುಗಳಲ್ಲಿಯೇ ಹೋಗಬೇಕು. ಆಗ ಹರಾಜು ಇನ್ನೂ ನಡೆಯುತ್ತಿರುತ್ತದೆ, ಮನೆಗಳಲ್ಲಿ ಕೈಯಲ್ಲಿ ಹಣವೂ ಇರುತ್ತದೆ.